ಟೇಪಿನ ಆಚೆ ಮಗ್ಗುಲು

"ಮಾಮ, ಸೌಂಡ್ ಇನ್ನೂ ಜಾಸ್ತಿ ಮಾಡಿ," ಎಂದು ರಾಕೆಟ್ ಮುಂದಿನ ಸೀಟಿನ ಬೆನ್ನಿಗೆ ಬಡಿದ.

"ಇನ್ನೂ ಜಾಸ್ತಿ ಮಾಡಿದ್ರೆ ವ್ಯಾನಿನ ಬಾಗ್ಲು ಕಳಚಿ ಬೀಳತ್ತೆ ಕಣೋ," ಎಂದರು ವ್ಯಾನ್ ಮಾಮ. ಹಾಗೆ ಹೇಳುತ್ತಲೇ ಗುಂಡಿ ತಿರುಗಿಸಿ ಜಾಸ್ತಿಯನ್ನೂ ಮಾಡಿದರು.

ರೈಲ್ವೆ ಗೇಟು ಹಾಕಿ ಹತ್ತು ನಿಮಿಷವಾಗಿತ್ತು. ರೈಲಿನ ಸುಳಿವೇ ಇರಲಿಲ್ಲ. ವ್ಯಾನಿನೊಳಗೆ ಹದಿಮೂರು ಮಕ್ಕಳು, ಒಂದು ಬಲೆ ತುಂಬ ಚೆಂಡುಗಳು, ಮುಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೋದ ಕೋಚ್ ಸರ್. ಧಡಂ ಧಡಂ ಎನ್ನುವ ಹಾಡಿಗೆ ಎಲ್ಲರೂ ಕೂತಲ್ಲೇ ಕುಣಿಯುತ್ತಿದ್ದರು.

ಹಿಂದಿನ ಸೀಟಿನ ಮೂಲೆಯಲ್ಲಿ ಕೂತ ಬೇಲಿ ಮಾತ್ರ ಕುಣಿಯುತ್ತಿರಲಿಲ್ಲ. ಹಾಡು ಅವಳದೇ ಟೇಪಿನದು. ಆದರೆ ಅವಳಿಗೆ ಆ ಹಾಡು ಕಂಡರಾಗುತ್ತಿರಲಿಲ್ಲ.

ಬೇಲಿ ಡಿಫೆಂಡರ್. ಅವಳನ್ನು ದಾಟಿ ಚೆಂಡು ಹೋಗುವುದು ಕಷ್ಟ, ಅದಕ್ಕೇ ಆ ಹೆಸರು. ಬೇಲಿಯನ್ನು ದಾಟಿದರೂ ಹಿಂದೆ ಗೋಡೆ ಇದ್ದ. ಅವನು ಗೋಲ್ ಕೀಪರ್, ಟೀಮಿನ ಕ್ಯಾಪ್ಟನ್, ಬೇಲಿಗೆ ಒಂದನೇ ಕ್ಲಾಸಿನಿಂದ ಗೆಳೆಯ. ಮುಂದಕ್ಕೆ ನುಗ್ಗಿ ಗೋಲು ಹೊಡೆಯುವವನು ರಾಕೆಟ್. ರಾಕೆಟ್‌ನ ಕಾಲು ಎಷ್ಟು ಚುರುಕೋ ನಾಲಿಗೆ ಅದಕ್ಕಿಂತ ಚುರುಕು.

ಮ್ಯಾಚಿಗೆ ಹೋಗುವಾಗ ವ್ಯಾನಿನಲ್ಲಿ ಯಾರ ಹಾಡು ಹಾಕಬೇಕು ಎನ್ನುವುದಕ್ಕೆ ಟೀಮಿನಲ್ಲಿ ಪಾಳಿಯಿತ್ತು. ಜೆರ್ಸಿ ನಂಬರಿನ ಪ್ರಕಾರ ಒಬ್ಬೊಬ್ಬರಿಗೆ ಒಂದೊಂದು ಮ್ಯಾಚು. ವ್ಯಾನ್ ಮಾಮನ ಹಳೇ ಡೆಕ್ಕಿಗೆ ಕ್ಯಾಸೆಟ್ ಬಿಟ್ಟು ಬೇರೇನೂ ರುಚಿಸುವುದಿಲ್ಲ. ಆದ್ದರಿಂದ ಪಾಳಿ ಬಂದವರು ತಮ್ಮ ಹಾಡುಗಳ ಪಟ್ಟಿ ಹಿಡಿದು ಬೇಲಿಯ ಅಪ್ಪನ ರಿಪೇರಿ ಅಂಗಡಿಗೆ ಬರುತ್ತಿದ್ದರು. ರೇಡಿಯೋ, ಫ್ಯಾನು, ಇಸ್ತ್ರಿ ಪೆಟ್ಟಿಗೆಗಳ ನಡುವೆ ಜಾಗ ಮಾಡಿಕೊಂಡು ಅಪ್ಪ ಅವನ್ನು ಟೇಪಿಗೆ ಹಾಕಿಕೊಡುತ್ತಿದ್ದ. ಯಾರ ಪಟ್ಟಿ ನೋಡಿದರೂ ಅದೇ ಧಡಂ ಧಡಂ.

ಒಂದೇ ಒಂದು ಸಲ ಸಾಸಿವೆ ಮೆಲ್ಲಗಿನ ಕೊಳಲಿನ ಟೇಪು ತಂದಿದ್ದ. ಸಾಸಿವೆ ಟೀಮಿನಲ್ಲಿ ಎಲ್ಲರಿಗಿಂತ ಸಣ್ಣವನು. ಟೇಪು ಶುರುವಾಗಿ ಒಂದು ನಿಮಿಷ ಆಗಿರಲಿಲ್ಲ, ರಾಕೆಟ್ ಸೀಟಿನ ಮೇಲೆ ಉರುಳಿ ಗೊರಕೆ ಹೊಡೆಯುವ ನಾಟಕವಾಡಿದ. ಆಮೇಲೆ ಒಂದು ತಿಂಗಳು ಎಲ್ಲರೂ ಸಾಸಿವೆಯನ್ನು 'ತೊಟ್ಟಿಲು' ಎಂದು ಕರೆದರು. ಪಾಪ, ಅವನು ಮತ್ತೆ ಕೊಳಲಿನ ಸುದ್ದಿ ಎತ್ತಲಿಲ್ಲ.

ಇದನ್ನೆಲ್ಲ ನೋಡಿದ್ದ ಬೇಲಿ ತನ್ನ ಪಾಳಿ ಬಂದಾಗ ಜಾಣತನ ಮಾಡಿದಳು. "ಎಲ್ಲರೂ ಹಾಕಿಸ್ಕೊಂಡಿದ್ದನ್ನೇ ನಂಗೂ ಹಾಕಿಕೊಡಪ್ಪ," ಎಂದಳು. ಅಂಗಡಿಯಲ್ಲಿ ಸರಿಯಾಗಿ ಓಡುವ ಬೇರೆ ಟೇಪು ಇರಲಿಲ್ಲ. ಬೇಲಿ ತನ್ನ ಸ್ವಂತ ಟೇಪನ್ನೇ ಕೊಟ್ಟಳು. ಒಂದು ಮಗ್ಗುಲು ಖಾಲಿಯಿತ್ತು, ಹಾಡುಗಳು ಅಲ್ಲಿಗೆ ಹೋದವು. ಇನ್ನೊಂದು ಮಗ್ಗುಲಲ್ಲಿ ಅವಳ ಗುಟ್ಟಿತ್ತು.

ಬೇಲಿಗೆ ಇಷ್ಟವಾದ ಸಂಗೀತ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ಬಕೆಟ್ಟಿಗೆ ನಲ್ಲಿಯ ಹನಿ ಬೀಳುವ ಶಬ್ದ, ಅಂಗಡಿಯ ಶಟರ್ ಎಳೆಯುವ ಶಬ್ದ, ಅತ್ತೆಯ ಹೊಲಿಗೆ ಮೆಷಿನ್ನು, ಪಾರ್ಕಿನಲ್ಲಿ ಕಿರ್ ಎನ್ನುವ ಉಯ್ಯಾಲೆ. ಅಪ್ಪ ಕೊಟ್ಟ ಪುಟ್ಟ ರೆಕಾರ್ಡರ್ ಹಿಡಿದು ಅವಳು ಇಂಥವನ್ನೆಲ್ಲ ಹಿಡಿಯುತ್ತಿದ್ದಳು. ಆಮೇಲೆ ಅಂಗಡಿಯ ಮೂಲೆಯಲ್ಲಿ ಎರಡು ಟೇಪ್ ರೆಕಾರ್ಡರ್‌ಗಳನ್ನು ಎದುರುಬದುರು ಇಟ್ಟುಕೊಂಡು, ಒಂದರಿಂದ ಇನ್ನೊಂದಕ್ಕೆ ತುಂಬಿ, ಹನಿಯ ಹಿಂದೆ ಶಟರ್, ಶಟರಿನ ಹಿಂದೆ ಹೊಲಿಗೆ ಮೆಷಿನ್ನು ಹೀಗೆ ತಾಳ ಕೂಡಿಸುತ್ತಿದ್ದಳು. ಊಟಕ್ಕೆ ಕರೆದರೂ ಕಿವಿಗೆ ಬೀಳುತ್ತಿರಲಿಲ್ಲ.

ಆ ಗುಟ್ಟು ವ್ಯಾನಿನಲ್ಲಿ ಕೇಳಿಸೀತೆಂಬ ಹೆದರಿಕೆಯೇನೂ ಇರಲಿಲ್ಲ. ಟೇಪಿನ ಒಂದು ಮಗ್ಗುಲಿಗೆ ಅರ್ಧ ಗಂಟೆ. ಮೈದಾನಕ್ಕೆ ಇಪ್ಪತ್ತೈದು ನಿಮಿಷದ ದಾರಿ. ಅಲ್ಲದೆ ಒಂದು ಮಗ್ಗುಲು ಮುಗಿದರೆ ಮಾಮನ ಡೆಕ್ಕು ಟಕ್ ಎಂದು ನಿಂತುಬಿಡುತ್ತಿತ್ತು.

ಕೊನೆಯ ಹಾಡು ಮುಗಿಯಿತು. ಟಕ್ ಎಂದಿತು. ಬೇಲಿ ಕಾಲು ಚಾಚಿ ಕೂತಳು.

ಡೆಕ್ಕಿನೊಳಗೆ ಏನೋ ಕ್ರರ್ ಎಂದು ತಿರುಗಿತು. ಮತ್ತೊಮ್ಮೆ ಟಕ್. ಆಮೇಲೆ ವ್ಯಾನಿನ ನಾಲ್ಕೂ ಸ್ಪೀಕರಿನಿಂದ 'ಟಪ್... ಟಪ್... ಟಪ್' ಎಂದು ಹನಿ ಬೀಳತೊಡಗಿತು.

"ಮಾಮ, ವ್ಯಾನ್ ಸೋರ್ತಾ ಇದೆ," ಎಂದ ಸಾಸಿವೆ.

"ಸೋರೋದಲ್ಲ ಕಣೋ, ಇದು ಆಚೆ ಮಗ್ಗುಲು," ಎಂದರು ಮಾಮ ಹಿಗ್ಗಿನಿಂದ. "ಬೆಲ್ಟ್ ಒಂದು ಹಾಕಿಕೊಡಪ್ಪ ಅಂತ ಬೇಲಿ ಅಪ್ಪನಿಗೆ ಕೊಟ್ಟಿದ್ದೆ. ಒಳಗಿಂದೆಲ್ಲ ಸರಿ ಮಾಡಿ ಕೊಟ್ಟಿದ್ದಾನೆ. ಈಗ ಡೆಕ್ಕು ತಾನೇ ಮಗ್ಗುಲು ಬದಲಾಯಿಸ್ಕೊಳ್ಳತ್ತೆ. ಎಂಟು ವರ್ಷದಿಂದ ಕೆಟ್ಟಿತ್ತು."

ಅಪ್ಪನ ಕೈಗೆ ಒಂದು ರಿಪೇರಿ ಕೊಟ್ಟರೆ ಮೂರು ಮಾಡಿ ಕೊಡುತ್ತಾನೆ ಎಂದು ಅಮ್ಮ ಗೊಣಗುವುದು ಸುಮ್ಮನೆ ಅಲ್ಲ. ಬೇಲಿ ಚಾಚಿದ ಕಾಲನ್ನು ಎಳೆದುಕೊಂಡಳು.

ನಗುತ್ತಾರೆ ಎನ್ನುವುದು ಒಂದು ಭಯ. ಅದನ್ನು ಹೇಗೋ ತಡೆದುಕೊಳ್ಳಬಹುದಿತ್ತು. ಅದಕ್ಕಿಂತ ದೊಡ್ಡದು ಟೇಪಿನ ನಡುವೆ ಕೂತಿತ್ತು.

ಒಂದು ದಿನ ಪ್ರಾಕ್ಟೀಸಿನಲ್ಲಿ ಅವಳು ಗೋಲಿನ ಹಿಂದೆ ಕೂತು ಬಲೆಯ ಶಬ್ದ ಹಿಡಿಯುತ್ತಿದ್ದಳು. ಚೆಂಡು ಆಚೆ ತುದಿಯಲ್ಲಿತ್ತು. ಗೋಡೆ ಒಬ್ಬನೇ ನಿಂತಿದ್ದ. ತನ್ನಷ್ಟಕ್ಕೆ ತಾನು ಏನೋ ಗುನುಗುತ್ತಿದ್ದ. ಕಿವಿಗೊಟ್ಟು ಕೇಳಿದರೆ ಅದು ಮಗು ಮಲಗಿಸುವ ಹಾಡು. ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ, ಈ ಗೋಡೆಗೆ ಇಂಥ ಕಂಠವೂ ಇದೆಯೆಂದು ಬೇಲಿಗೆ ಗೊತ್ತೇ ಇರಲಿಲ್ಲ. ಕೆಂಪು ಗುಂಡಿ ಒತ್ತಿದ್ದ ರೆಕಾರ್ಡರನ್ನು ಅವಳು ನಿಲ್ಲಿಸಲಿಲ್ಲ. ಅವಳ ಟೇಪಿನಲ್ಲಿ ಅಷ್ಟು ಚೆನ್ನಾಗಿರುವುದು ಬೇರೆ ಇರಲಿಲ್ಲ. ಅವನಿಗೆ ಹೇಳಿರಲೂ ಇಲ್ಲ.

ಕೊಳಲು ತಂದವನೇ ಒಂದು ತಿಂಗಳು ತೊಟ್ಟಿಲಾಗಿದ್ದ. ಜೋಗುಳ ಹಾಡುವ ಕ್ಯಾಪ್ಟನ್ ಏನಾದಾನು? ಅದೂ ಇನ್ನು ಅರ್ಧ ಗಂಟೆಗೆ ಮ್ಯಾಚು ಇರುವಾಗ.

ಬೇಲಿ ಎದ್ದಳು. ನಡುವಿನ ದಾರಿಯಲ್ಲಿ ಬ್ಯಾಗುಗಳು, ಚೆಂಡಿನ ಬಲೆ, ನೀರಿನ ಕ್ಯಾನು. ಒಂದೊಂದನ್ನೇ ದಾಟಬೇಕಿತ್ತು.

ಅಷ್ಟರಲ್ಲಿ ಅವಳು ಎಣಿಸದೇ ಇದ್ದದ್ದು ನಡೆಯಿತು. ಯಾರೂ ನಗಲಿಲ್ಲ.

"ಏ, ಇದು ಹೊಲಿಗೆ ಮೆಷಿನ್ ಅಲ್ವಾ?"

"ಶಟರ್ ಕಣೋ. ಶಟರ್ ಮತ್ತೆ ಹೊಲಿಗೆ ಮೆಷಿನ್ ಎರಡೂ."

"ತಡಿ ತಡಿ, ಈ ಟಕ ಟಕ ನನ್ನ ಬೂಟು," ಎಂದ ರಾಕೆಟ್. "ಸ್ಕೂಲಿನ ಕಾರಿಡಾರಲ್ಲಿ ನಾನು ಓಡಿದ್ದು. ಬೇಲಿ, ಇದನ್ನ ನೀನು ಮಾಡಿದ್ದಾ?"

"ಹೂಂ," ಎಂದಳು ಬೇಲಿ. ಒಂದು ಕಾಲು ಬ್ಯಾಗಿನ ಮೇಲಿತ್ತು.

"ಸಖತ್ತಾಗಿದೆ ಕಣೇ," ಎಂದ ರಾಕೆಟ್. ಅವನು ಯಾರನ್ನೂ ಹೊಗಳುವವನಲ್ಲ. ಬೂಟಿನ ತಾಳಕ್ಕೆ ಸರಿಯಾಗಿ ತೊಡೆ ತಟ್ಟತೊಡಗಿದ. ಎಲ್ಲರೂ ತಟ್ಟಿದರು. ಗೋಡೆಯೂ ಗ್ಲೌಸ್ ಹಾಕಿದ ಕೈಯಲ್ಲಿ ತಟ್ಟುತ್ತ ಅವಳ ಕಡೆ ನೋಡಿ ನಕ್ಕ.

ಆಮೇಲೆ ದೊಡ್ಡದೊಂದು ಗೊರಕೆ ಬಂತು. ಒಂದು ನಿಮಿಷ ಎಲ್ಲರೂ ಮುಂದಿನ ಸೀಟು ನೋಡಿದರು. ಆದರೆ ಕೋಚ್ ಸರ್ ಆ ಗದ್ದಲಕ್ಕೆ ಎಚ್ಚರವಾಗಿ ಕಣ್ಣುಜ್ಜಿಕೊಳ್ಳುತ್ತಿದ್ದರು. ಅವರ ಗೊರಕೆ ಮಾತ್ರ ಟೇಪಿನಲ್ಲಿ ನಡೆದೇ ಇತ್ತು.

"ಯಾರದ್ರೋ ಅದು, ಗರಗಸದ ಹಾಗೆ?" ಎಂದರು ಸರ್.

ವ್ಯಾನಿಗೆ ವ್ಯಾನೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬೇಲಿಗೂ ನಗು ಬಂತು. ಹೀಗೇ ಓಡುತ್ತಿರಲಿ ಎಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ, ಒಂದು ಗಳಿಗೆ ಅಲ್ಲೇ ನಿಂತಳು. ಅವಳ ಶಬ್ದಗಳನ್ನು ಇಷ್ಟು ಜನ ಕೂತು ಕೇಳಿದ್ದು ಇದೇ ಮೊದಲು. ಆದರೆ ಗೊರಕೆಯ ನಂತರ ಬಲೆಯ ಶಬ್ದ. ಬಲೆಯ ನಂತರ ಅವನು.

"ಮಾಮ, ನಿಲ್ಲಿಸಿ," ಎಂದಳು.

"ಬೇಡ, ಬೇಡ," ಎಂದು ಎಲ್ಲರೂ ಕೂಗಿದರು.

ಬೇಲಿ ಕೈ ಚಾಚಿದಳು. ಮಾಮ ಡೆಕ್ಕಿಗೆ ಅಂಗೈ ಅಡ್ಡ ಹಿಡಿದರು. ಅದನ್ನು ಬೇರೆಯವರು ಮುಟ್ಟುವಂತಿರಲಿಲ್ಲ. "ಎಲ್ಲರೂ ಕೇಳ್ತಿದಾರಲ್ಲ ಪುಟ್ಟಿ. ಇರ್ಲಿ ಬಿಡು."

ಮಾಮನಿಗೆ ಆ ಡೆಕ್ಕೆಂದರೆ ಪ್ರಾಣ. ಅವರು ಹೆದರುವುದು ಒಂದೇ ಒಂದು ಮಾತಿಗೆ. ಆ ಮಾತು ಬೇಲಿಗೆ ಗೊತ್ತಿತ್ತು, ಆಡಲು ಮನಸ್ಸಿರಲಿಲ್ಲ. ಸ್ಪೀಕರಿನಲ್ಲಿ ಬಲೆ ಸರ್ ಎಂದಿತು.

"ಮಾಮ, ಟೇಪ್ ಒಳಗಡೆ ಸಿಕ್ಕಿಹಾಕ್ಕೊಳ್ಳತ್ತೆ. ಅಪ್ಪ... ಅಪ್ಪ ರಿಪೇರಿ ಸರಿಯಾಗಿ ಮಾಡಿಲ್ಲ."

'ಮಲ್ಕೋ ಮಲ್ಕೋ...' ಎಂದಿತು ಟೇಪು. ಮಾಮ ಬೆಚ್ಚಿಬಿದ್ದು ಗುಂಡಿ ಒತ್ತಿದರು. ಕ್ಯಾಸೆಟ್ ಹೊರಕ್ಕೆ ಚಿಮ್ಮಿತು.

"ಯಾರೋ ಹಾಡಿದ್ರಲ್ಲ?" ಎಂದ ಸಾಸಿವೆ.

ಅಷ್ಟರಲ್ಲಿ ಗೂಡ್ಸ್ ರೈಲು ಬಂದೇಬಿಟ್ಟಿತ್ತು. ಅದರ ಐವತ್ತು ಡಬ್ಬಿಗಳು ಹೋಗುವವರೆಗೆ ಬೇರೆ ಏನೂ ಕೇಳಲಿಲ್ಲ.

"ನಿಮ್ಮಪ್ಪನ ಕೈಯಲ್ಲಿ ಕೆಲಸ ಕೆಟ್ಟಿದ್ದು ನಾನು ನೋಡಿಯೇ ಇಲ್ಲ," ಎಂದರು ಮಾಮ ಬೇಸರದಿಂದ, ಗೇಟು ತೆಗೆದಾಗ. ಕ್ಯಾಸೆಟ್ ಹಿಡಿದು ಬೇಲಿ ಹಿಂದಕ್ಕೆ ನಡೆದಳು. ಮುಖ ಎತ್ತಲಾಗಲಿಲ್ಲ. ಎತ್ತಿದಾಗ ಗೋಡೆ ಅವಳನ್ನೇ ನೋಡುತ್ತಿದ್ದ. ಅವನ ಮುಖ ಬಿಳಿಚಿತ್ತು. ತನ್ನ ದನಿ ತನಗೆ ಗೊತ್ತಾಗದೆ ಇರುತ್ತದೆಯೇ?

ಮೈದಾನದಲ್ಲಿ ಬೂಟು ಕಟ್ಟಿಕೊಳ್ಳುವಾಗ ಅವನು ಅವಳ ಪಕ್ಕಕ್ಕೆ ಬಂದು ಕೂತ.

"ಅದು ನಾನು ತಾನೆ?"

"ಹೂಂ."

"ಪೂರ್ತಿ ಇದೆಯಾ?"

"ಇದೆ. ಮನೆಗೆ ಹೋದ ತಕ್ಷಣ ಅಳಿಸ್ತೀನಿ ಕಣೋ. ಆಣೆ."

"ನಂಗ್ಯಾಕೆ ಹೇಳ್ಲಿಲ್ಲ?"

ಹನಿಯನ್ನಾಗಲಿ ಶಟರನ್ನಾಗಲಿ ಹಿಡಿಯುವಾಗ ಬೇಲಿ ಯಾರ ಒಪ್ಪಿಗೆಯನ್ನೂ ಕೇಳಿರಲಿಲ್ಲ. "ತುಂಬ ಚೆನ್ನಾಗಿತ್ತು, ಅದಕ್ಕೆ," ಎಂದಳು.

ಗೋಡೆ ಎದ್ದು ಹೋದ. ಕಾಯಬೇಕಾದವಳೇ ಹೀಗೆ ಮಾಡಿದ್ದಳು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅಮ್ಮ ಯಾವಾಗಲೋ ಹೇಳುತ್ತಿದ್ದ ಆ ಗಾದೆ ಈಗ ಅವಳಿಗೆ ಚುಚ್ಚಿತು.

ಆ ದಿನ ಡ್ರಾ ಆದರೂ ಅವರ ಟೀಮು ಮುಂದಿನ ರೌಂಡಿಗೆ ಹೋಗುತ್ತಿತ್ತು, ಸೋಲಬಾರದು ಅಷ್ಟೆ. ರಾಕೆಟ್ ಶುರುವಿನಲ್ಲೇ ಒಂದು ಗೋಲು ಹೊಡೆದ. ಆದರೆ ಸ್ವಲ್ಪ ಹೊತ್ತಿಗೆ ಎದುರಿನವರ ಒಂದು ಸಾದಾ ಚೆಂಡು, ಮೂರು ವರ್ಷದ ಮಗುವೂ ಹಿಡಿಯಬಹುದಾದದ್ದು, ಉರುಳಿಕೊಂಡು ಬಂದು ಗೋಡೆಯ ಕಾಲಿನ ನಡುವೆ ತೂರಿ ಒಳಗೆ ಹೋಯಿತು. ಅವನು ಚೆಂಡನ್ನು ನೋಡುತ್ತ ನಿಂತುಬಿಟ್ಟ.

ಅರ್ಧ ಮ್ಯಾಚು ಮುಗಿದು ಮತ್ತೆ ಶುರುವಾದಾಗಲೇ ಬೇಲಿಗೆ ಹೊಳೆದದ್ದು. ಇಷ್ಟು ದಿನವೂ ಆಡುವಾಗ, ಅವಳು ಗಮನ ಕೊಡದಿದ್ದರೂ, ಬೆನ್ನ ಹಿಂದೆ ಆ ಗುನುಗು ಇರುತ್ತಿತ್ತು. ಅದು ಇದ್ದಷ್ಟು ಹೊತ್ತು ಗೋಡೆ ಗಟ್ಟಿಯಾಗಿರುತ್ತಿದ್ದ. ಈ ದಿನ ಹಿಂದೆ ಏನೂ ಕೇಳುತ್ತಿರಲಿಲ್ಲ.

ಎದುರಿನವರಿಗೆ ಕಾರ್ನರ್ ಸಿಕ್ಕಿತು. ಎಲ್ಲರೂ ಗೋಲಿನ ಮುಂದೆ ಗುಂಪಾದರು. ಬೇಲಿ ಗೋಲು ಕಂಬದ ಪಕ್ಕ ನಿಂತಳು. ಗೋಡೆ ಗ್ಲೌಸನ್ನು ಮತ್ತೆ ಮತ್ತೆ ಎಳೆದು ಬಿಗಿ ಮಾಡಿಕೊಳ್ಳುತ್ತಿದ್ದ. ಅವಳಿಗೆ ಹಾಡಲು ಬರುವುದಿಲ್ಲ, ಅದು ಅವಳಿಗೂ ಗೊತ್ತು. ಆದರೂ ಮೆಲ್ಲಗೆ ಶುರು ಮಾಡಿದಳು.

"ಮಲ್ಕೋ ಮಲ್ಕೋ ಮುದ್ದು ಮರಿ, ಬಾಗ್ಲು ಹಾಕಿದೆ, ದೀಪ ಆರಿದೆ..."

ಗೋಡೆ ತಿರುಗಿ ನೋಡಿದ.

"ಕತ್ತೆ ಥರ ಹಾಡ್ತೀಯಲ್ಲೇ," ಎಂದ.

"ಹಾಗಾದ್ರೆ ನೀನೇ ಹಾಡು."

ಅವನ ಮೂತಿ ಒಂದಿಷ್ಟು ಸಡಿಲವಾಯಿತು. "ಬಾಗ್ಲು ಹಾಕಿದೆ..." ಎಂದು ಬಾಯೊಳಗೇ ಎಳೆದ. ಚೆಂಡು ಎತ್ತರಕ್ಕೆ ಬಂತು. ಅವನು ಹತ್ತು ತಲೆಗಳ ಮೇಲಿಂದ ಹಾರಿ, ಅದನ್ನು ಎರಡೂ ಕೈಯಲ್ಲಿ ಬಾಚಿ ಎದೆಗೆ ಅವಚಿಕೊಂಡು ಕೆಳಗಿಳಿದ. ಅಲ್ಲಿಂದ ಕೊನೆಯ ಸೀಟಿಯವರೆಗೆ ಬಾಗಿಲು ತೆರೆಯಲಿಲ್ಲ. ಒಂದಕ್ಕೊಂದು, ಡ್ರಾ. ಕೋಚ್ ಸರ್ ಟೋಪಿ ಮೇಲಕ್ಕೆ ಎಸೆದರು, ಅದು ಬೇರೆಯವರ ನೀರಿನ ಕ್ಯಾನಿಗೆ ಬಿತ್ತು.

ವಾಪಸು ಹೊರಡುವಾಗ ವ್ಯಾನಿನಲ್ಲಿ ಹಾಡಿಲ್ಲ. ಎಲ್ಲರೂ ಸುಸ್ತಾಗಿ ಸೀಟಿಗೆ ಅಂಟಿಕೊಂಡಿದ್ದರು. ಗೋಡೆ ಬಂದು ಬೇಲಿಯ ಮುಂದೆ ಕೈ ಚಾಚಿದ.

"ಟೇಪ್ ಕೊಡು."

ಅಳಿಸಲು ಕೇಳುತ್ತಿದ್ದಾನೆ ಎಂದುಕೊಂಡು ಅವಳು ಕೊಟ್ಟಳು. ಅವನು ಅದನ್ನು ಮುಂದಕ್ಕೆ ಒಯ್ದ.

"ಮಾಮ, ಇದರ ಆಚೆ ಮಗ್ಗುಲು. ನಿಂತಿತ್ತಲ್ಲ, ಅಲ್ಲಿಂದ ಸ್ವಲ್ಪ ಹಿಂದಕ್ಕೆ ಸುತ್ತಿ ಹಾಕಿ."

"ಡೆಕ್ಕು ಟೇಪ್ ತಿನ್ನತ್ತೆ ಅಂದ್ಳಲ್ಲೋ ಇವಳು."

ಬೇಲಿ ಎದ್ದು ನಿಂತಳು. "ಇಲ್ಲ ಮಾಮ. ಅಪ್ಪ ಸರಿಯಾಗೇ ಮಾಡಿದಾನೆ. ಸುಳ್ಳು ಹೇಳಿದ್ದು ನಾನು."

ಮಾಮ ಕನ್ನಡಿಯಲ್ಲಿ ಅವಳನ್ನು ನೋಡಿದರು. ಬೈಯುತ್ತಾರೆ ಎಂದು ಅವಳು ಕಾದಳು. "ಅಬ್ಬ," ಎಂದರು ಮಾಮ, "ಮ್ಯಾಚ್ ಪೂರ್ತಿ ನಂಗೆ ಅದೇ ಯೋಚ್ನೆ. ನನ್ನ ಡೆಕ್ಕು ಚೆನ್ನಾಗಿದೆ ಅನ್ನು." ಸುಳ್ಳಿನ ಸುದ್ದಿಯನ್ನು ಅವರು ಎತ್ತಲೇ ಇಲ್ಲ. ಬೇಲಿ ಹಗುರಾಗಿ ಸೀಟಿಗೆ ಕೂತಳು.

ಬಲೆ ಸರ್ ಎಂದಿತು. ಆಮೇಲೆ ಹಾಡು ಬಂತು.

'ಮಲ್ಕೋ ಮಲ್ಕೋ ಮುದ್ದು ಮರಿ, ಬಾಗ್ಲು ಹಾಕಿದೆ, ದೀಪ ಆರಿದೆ, ಅಂಜಬೇಡ, ನಾನಿಲ್ಲೇ ಇದೀನಿ...'

"ಯಾರದು?" ಎಂದ ರಾಕೆಟ್.

"ನಾನೇ," ಎಂದ ಗೋಡೆ. ನಡುವಿನ ದಾರಿಯಲ್ಲಿ ನಿಂತೇ ಇದ್ದ. "ಅಮ್ಮನಿಗೆ ರಾತ್ರಿ ಡ್ಯೂಟಿ ಇದ್ದಾಗ ತಂಗೀನ ನಾನೇ ಮಲಗಿಸ್ಬೇಕು. ಈ ಹಾಡಿಲ್ದಿದ್ರೆ ಅವಳು ಮಲಗಲ್ಲ. ಗೋಲಲ್ಲಿ ಭಯ ಆದಾಗ್ಲೂ ಇದನ್ನೇ ಹಾಡ್ಕೋತೀನಿ. ನಗೋದಾದ್ರೆ ಈಗ್ಲೇ ನಕ್ಕುಬಿಡಿ."

ಎಲ್ಲರೂ ರಾಕೆಟ್ ಕಡೆ ನೋಡಿದರು.

ರಾಕೆಟ್ ಬಾಯಿ ತೆರೆದ. ಬಂದದ್ದು ಆಕಳಿಕೆ. "ನಿಂಗೂ ಭಯ ಆಗತ್ತಾ?" ಎಂದ ಆಮೇಲೆ, ನಿಜವಾಗಿಯೂ ಆಶ್ಚರ್ಯದಿಂದ. "ನಾನೊಬ್ಬನೇ ಅಂದ್ಕೊಂಡಿದ್ದೆ." ಮತ್ತೆ ಆಕಳಿಸಿದ. "ಚೆನ್ನಾಗಿದೆ ಕಣೋ. ಮುಗಿದ್ರೆ ಇನ್ನೊಂದ್ಸಲ ಹಾಕ್ಸು."

ಎರಡನೇ ಸಲ ಹಾಕುವ ಅಗತ್ಯವೇ ಬೀಳಲಿಲ್ಲ. ರೈಲ್ವೆ ಗೇಟು ಬರುವ ಮೊದಲೇ ರಾಕೆಟ್‌ನ ತಲೆ ಸಾಸಿವೆಯ ಹೆಗಲಿಗೆ ಬಿತ್ತು. ಬಾಯಿ ತೆರೆಯಿತು. ಗೊರಕೆ ಶುರುವಾಯಿತು, ಈ ಸಲ ನಾಟಕದ್ದಲ್ಲ.

"ತೊಟ್ಟಿಲು," ಎಂದು ಸಾಸಿವೆ ಬೇಲಿಗೆ ಮಾತ್ರ ಕೇಳುವಂತೆ ಹೇಳಿದ. ಅವನ ಮುಖದಲ್ಲಿ ಹಬ್ಬ. ಆದರೂ ಹೆಗಲು ಅಲುಗಿಸಲಿಲ್ಲ. "ಮುಂದಿನ ಪಾಳೀಲಿ ನಾನು ಕೊಳಲೇ ತರ್ತೀನಿ," ಎಂದ.

ಒಬ್ಬೊಬ್ಬರಾಗಿ ಎಲ್ಲರೂ ಮಲಗಿದರು. ಮಾಮ ದನಿ ಸಣ್ಣಗೆ ಮಾಡಿದರು. ರಾಕೆಟ್‌ನ ಗೊರಕೆ ಮಾತ್ರ ಎದ್ದು ಕೇಳುತ್ತಿತ್ತು. ಎಂಥ ಗೊರಕೆ ಅಂತೀರಿ! ಮೊದಲು ಗುರ್ ಎಂದು ಎಳೆದು, ತುದಿಯಲ್ಲಿ ರೆಫರಿಯ ಸೀಟಿಯಂತೆ ಸಣ್ಣದೊಂದು ಕುಯ್. ಬೇಲಿಯ ಕಿವಿ ನೆಟ್ಟಗಾಯಿತು. ಇಂಥದ್ದು ಅವಳ ಟೇಪಿನಲ್ಲಿ ಇರಲೇ ಇಲ್ಲ.

ಅವಳ ಕೈ ತಾನಾಗಿ ಬ್ಯಾಗಿಗೆ ಹೋಯಿತು. ರೆಕಾರ್ಡರ್ ಹೊರಗೆ ಬಂತು. ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ಕೂತಿತು.

ಪಕ್ಕದ ಸೀಟಿನಿಂದ ಗೋಡೆ ನೋಡುತ್ತಿದ್ದ.

ಬೇಲಿ ರಾಕೆಟ್‌ನ ಮುಖ ನೋಡಿದಳು. ನಿದ್ದೆಯಲ್ಲಿ ಅವನು ನಾಲ್ಕು ವರ್ಷದವನ ಹಾಗೆ ಕಾಣುತ್ತಿದ್ದ. ಅವಳು ಹೆಬ್ಬೆರಳು ತೆಗೆದಳು. ರೆಕಾರ್ಡರನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

"ಎದ್ದ ಮೇಲೆ ಕೇಳ್ತೀನಿ," ಎಂದಳು.

"ಅವನು ಬೇಡ ಅಂದ್ರೆ?"

ಬೇಲಿ ಸೀಟಿಗೆ ಒರಗಿ, ಕಣ್ಣು ಮುಚ್ಚಿ, ಆ ಗುರ್ ಮತ್ತು ಕುಯ್‌ಗಳನ್ನು ಕೇಳುತ್ತ ಕೂತಳು. ಮನೆ ಬರಲು ಇನ್ನೂ ಹದಿನೈದು ನಿಮಿಷವಿತ್ತು.